ಎಚ್‌ಐವಿ ಇರುವ ಅಣ್ಣನಿಗೆ ಮೂರು ವಾರದಿಂದ ಭೇದಿ. ಮಾತ್ರೆ ನಿಲ್ಲಿಸಿ ನೋಡಬಹುದಾ?

ನಿಲ್ಲಿಸಬೇಡಿ. ಮಿಕ್ಕಿದ್ದು ಆಮೇಲೆ.

ಮಾತ್ರೆ ಶುರುವಾಗಿ ಎರಡು ತಿಂಗಳು, ಸಿಡಿ4 (ರಕ್ತದಲ್ಲಿನ ಒಂದು ಬಗೆಯ ರೋಗನಿರೋಧಕ ಕಣಗಳ ಲೆಕ್ಕ) ಆಗ 110 ಇತ್ತು, ಈಗ ಮೂರು ವಾರದಿಂದ ಅಣ್ಣ ದಿನಕ್ಕೆ ಐದಾರು ಸಲ ಸಂಡಾಸಿಗೆ ಓಡುತ್ತಾರೆ, ಮಾತ್ರೆ ಮೈಗೆ ಒಗ್ಗುತ್ತಿಲ್ಲ ಅನಿಸುತ್ತದೆ ಅಂತ ಬರೆದಿದ್ದೀರಿ. ನಾನು ಡಾಕ್ಟರಲ್ಲ. 2009ರಿಂದ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತ್ತಿಕ್ಕುವ ಮಾತ್ರೆ ನುಂಗುತ್ತಿರುವವನು, ಅಷ್ಟೇ. ಆದರೆ ಹೊಟ್ಟೆಯ ಕಾಟ ಏನೆಂದು ಚೆನ್ನಾಗಿ ಗೊತ್ತು.

ಈಗ ಹೆಚ್ಚಿನವರಿಗೆ ಕೊಡುವುದು ದಿನಕ್ಕೆ ಒಂದೇ ಮಾತ್ರೆ. ಅದರಲ್ಲಿ ಟೆನೊಫೊವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಇರುತ್ತವೆ. ಇದರಿಂದಲೂ ಕೆಲವರಿಗೆ ವಾಕರಿಕೆ, ಲೂಸ್ ಮೋಷನ್ ಆಗುವುದುಂಟು. ಆದರೆ ಅದು ಸಾಮಾನ್ಯವಾಗಿ ಮೊದಲ ಕೆಲವು ವಾರಗಳ ಮಾತು. ಒಂದು ತಿಂಗಳು ಚೆನ್ನಾಗಿದ್ದು ಆಮೇಲೆ ಶುರುವಾಗಿ ಮೂರು ವಾರ ಎಳೆದಿದೆ ಅಂದರೆ, ನಾನಾಗಿದ್ದರೆ ಮಾತ್ರೆಗಿಂತ ಮೊದಲು ಸೋಂಕಿನ ಮೇಲೆ ಅನುಮಾನ ಪಡುತ್ತಿದ್ದೆ.

ನನಗೆ ಆಗಿದ್ದೂ ಅದೇ. ಎಚ್‌ಐವಿ ಇದೆ ಅಂತ ಗೊತ್ತಾಗುವ ಮೊದಲು ಒಂದೂವರೆ ತಿಂಗಳು ನೀರು ನೀರಾಗಿ ಭೇದಿ. ಊರಿನ ಡಾಕ್ಟರು ಪ್ರತಿ ಸಲ ಅದೇ ಮೆಟ್ರೋನಿಡಜೋಲ್ ಬರೆದುಕೊಡುತ್ತಿದ್ದರು. ಎರಡು ದಿನ ಕಮ್ಮಿ, ಮತ್ತೆ ಶುರು. ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ, ಬೆಲ್ಟಿಗೆ ಮೊಳೆಯಲ್ಲಿ ಹೊಸ ತೂತು ಹೊಡೆದಿದ್ದೆ. ಕೊನೆಗೆ ಎಆರ್‌ಟಿ ಸೆಂಟರ್‌ನಲ್ಲಿ ಮಲ ಪರೀಕ್ಷೆ ಮಾಡಿಸಿ ಅಂದರು, ಅದೂ ಬೇರೆ ಬೇರೆ ದಿನ ಮೂರು ಸಲ. ಡಬ್ಬಿಯನ್ನು ಪೇಪರಿನಲ್ಲಿ ಸುತ್ತಿ ಟಿಫಿನ್ ಬ್ಯಾಗಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋಗುವಾಗ, ಪಕ್ಕದ ಸೀಟಿನಜ್ಜ 'ಊಟಾನಾ?' ಅಂತ ಕೇಳಿದ್ದರು. ಹೂಂ ಅಂದೆ! ಮೂರನೇ ಸ್ಯಾಂಪಲ್‌ನಲ್ಲಿ ಐಸೋಸ್ಪೋರ ಅನ್ನುವ ಪರಾವಲಂಬಿ ಸಿಕ್ಕಿತು. ಅದಕ್ಕೆ ಮದ್ದು ಕೋ-ಟ್ರೈಮೋಕ್ಸಜೋಲ್, ಅಗ್ಗದ ಹಳೇ ಮಾತ್ರೆ. ವಾರದೊಳಗೆ ಗಟ್ಟಿ ಅನ್ನ ಉಂಡೆ.

ಐಸೋಸ್ಪೋರ, ಕ್ರಿಪ್ಟೋಸ್ಪೊರಿಡಿಯಂ ಇಂಥವು ಮಾಮೂಲಿ ಮಲ ಪರೀಕ್ಷೆಯಲ್ಲಿ ಸಿಗದೇ ಹೋಗಬಹುದು. ಆಸಿಡ್ ಫಾಸ್ಟ್ ಅಂತ ಬೇರೆ ಬಣ್ಣ ಹಾಕಿ ನೋಡಬೇಕು. ಸೆಂಟರ್‌ನಲ್ಲಿ ಅದನ್ನೇ ಕೇಳಿ. ಜ್ವರ, ಹೊಟ್ಟೆನೋವು, ತೂಕ ಇಳಿಯುವುದು ಜೊತೆಗಿದ್ದರೆ ಕರುಳಿನ ಟಿಬಿಯನ್ನೂ ನೋಡುತ್ತಾರೆ.

ಇನ್ನು ಮಾತ್ರೆ ಯಾಕೆ ಬಿಡಬಾರದು ಅಂದರೆ, ನಮ್ಮ ರೋಗನಿರೋಧಕ ಕಣಗಳ ದೊಡ್ಡ ಪಾಲು ಇರುವುದೇ ಕರುಳಿನ ಗೋಡೆಯಲ್ಲಿ. ವೈರಸ್ ಮೈಸೇರಿದ ಮೊದಲ ವಾರಗಳಲ್ಲೇ ಅಲ್ಲಿಗೆ ನುಗ್ಗುತ್ತದೆ. ಕ್ರಿಪ್ಟೋಸ್ಪೊರಿಡಿಯಂಗಂತೂ ಸಿಡಿ4 ಏರುವುದೇ ನಿಜವಾದ ಮದ್ದು. ಅದನ್ನು ಏರಿಸುತ್ತಿರುವುದು ನೀವು ನಿಲ್ಲಿಸಬೇಕು ಅಂದುಕೊಂಡಿರುವ ಅದೇ ಮಾತ್ರೆ.

ಒಂದು ಮಾತು ಕೇಳಬೇಕು: ಅಣ್ಣ ಗ್ಯಾಸ್ ಅಂತ ಸಿರಪ್ ಏನಾದರೂ ಕುಡಿಯುತ್ತಾರಾ? ಅಲ್ಯುಮಿನಿಯಂ, ಮೆಗ್ನೀಶಿಯಂ ಇರುವ ಸಿರಪ್ಪು ಹೊಟ್ಟೆಯಲ್ಲಿ ಡೊಲುಟೆಗ್ರಾವಿರ್ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಮಾತ್ರೆ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಎಆರ್‌ಟಿ ಮಾತ್ರೆಯನ್ನು ಸಿರಪ್ಪಿಗೆ 2 ಗಂಟೆ ಮೊದಲು ಇಲ್ಲವೇ 6 ಗಂಟೆ ಆದ ಮೇಲೆ ತಗೊಳ್ಳಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೂ ಇದೇ ಲೆಕ್ಕ, ಆದರೆ ಊಟದ ಜೊತೆಗಾದರೆ ಒಟ್ಟಿಗೇ ತಗೊಳ್ಳಬಹುದು. ಮೆಗ್ನೀಶಿಯಂನಿಂದಲೇ ಭೇದಿ ಜಾಸ್ತಿಯಾಗುವುದೂ ಇದೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ, ನಾಲ್ಕು ತಿಂಗಳು ಎರಡನ್ನೂ ಒಟ್ಟಿಗೇ ಗಟಗಟ ಕುಡಿದಿದ್ದೆ.

ಸದ್ಯಕ್ಕೆ ಓಆರ್‌ಎಸ್, ಗಂಜಿ, ಉಪ್ಪು ಹಾಕಿದ ಮಜ್ಜಿಗೆ ಕೊಡಿ. ನೀರು ಕುದಿಸಿ ಆರಿಸಿದ್ದೇ ಆಗಲಿ, ಕ್ರಿಪ್ಟೋಸ್ಪೊರಿಡಿಯಂ ಕ್ಲೋರಿನ್‌ಗೆ ಜಗ್ಗುವುದಿಲ್ಲ. ಮನೆಯವರೆಲ್ಲ ಸೋಪು ಹಚ್ಚಿ ಕೈ ತೊಳೆಯಿರಿ. ಅಣ್ಣನ ತಟ್ಟೆ ಲೋಟ ಮಾತ್ರ ಬೇರೆ ಇಡಬೇಡಿ, ಒಟ್ಟಿಗೆ ಉಂಡರೆ ಎಚ್‌ಐವಿ ಬರುವುದಿಲ್ಲ. ಬಾಯಲ್ಲಿ ಮೊಸರು ಮೆತ್ತಿದ ಹಾಗೆ ಬಿಳಿ ಪೊರೆ, ನುಂಗುವಾಗ ಎದೆಯಲ್ಲಿ ನೋವು ಇದ್ದರೆ ಅದನ್ನೂ ಹೇಳಿ. ಅದು ಫಂಗಸ್ ಇರಬಹುದು, ಅದಕ್ಕೂ ಮಾತ್ರೆ ಇದೆ.

ಮಲದಲ್ಲಿ ರಕ್ತ, ಜೋರು ಜ್ವರ, ಕುಡಿದ ನೀರೂ ನಿಲ್ಲದಿರುವುದು, ಮೂತ್ರ ತೀರಾ ಕಮ್ಮಿಯಾಗುವುದು, ಇದರಲ್ಲಿ ಒಂದಿದ್ದರೂ ಅವತ್ತೇ ಆಸ್ಪತ್ರೆಗೆ ಹೋಗಿ. ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಎಆರ್‌ಟಿ ಸೆಂಟರ್‌ಗೆ. ಮುಂದಿನ ತಾರೀಖಿಗೆ ಕಾಯಬೇಡಿ, ಸೆಂಟರ್‌ನವರು ಕೊಟ್ಟ ಹಸಿರು ಪುಸ್ತಕ ಮರೆಯಬೇಡಿ. ಫೋನಿನಲ್ಲಿ ಕೇಳಬೇಕಾದರೆ ಎಚ್‌ಐವಿ ಸಹಾಯವಾಣಿ 1097, ದುಡ್ಡಿಲ್ಲ.

ಮಲ ಪರೀಕ್ಷೆಯ ರಿಪೋರ್ಟ್ ಬಂದ ಮೇಲೆ ಇಲ್ಲೇ ಕೆಳಗೆ ಬರೆಯಿರಿ. ಸಿರಪ್ಪಿನ ವಿಷಯವನ್ನೂ.