ನಡು ಓಟದಲ್ಲಿ ಕೈಕೊಡುವ ಧೈರ್ಯ: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಪ್ರೀತಿಯ ಓಟಗಾರ್ತಿಗೆ,

ಹೆಸರು ಹಾಕಬೇಡಿ ಅಂದಿದ್ದೀಯ, ಹಾಕಿಲ್ಲ. ಉಳಿದ ಓದುಗರಿಗೂ ವಿಷಯ ತಿಳಿಯಲಿ ಅಂತ ನೀನು ಬರೆದದ್ದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ನೀನು ಹೈಸ್ಕೂಲಿನಲ್ಲಿ 1500 ಮೀಟರ್ ಓಡುತ್ತೀಯ. ಅಭ್ಯಾಸದಲ್ಲಿ 5 ನಿಮಿಷ 50 ಸೆಕೆಂಡಿಗೆ ಮುಗಿಸಿದ್ದೀಯ. ಸ್ಪರ್ಧೆಯಲ್ಲಿ 5:58 ಆಯಿತು. ಅರ್ಧ ದಾರಿ ದಾಟುತ್ತಿದ್ದ ಹಾಗೆ ತಲೆಯೊಳಗೆ ‘ಇನ್ನು ಆಗಲ್ಲ’ ಅನ್ನುವ ಮಾತು ಶುರುವಾಗುತ್ತದೆ, ಒಬ್ಬೊಬ್ಬರೇ ನಿನ್ನನ್ನು ಹಿಂದೆ ಹಾಕಿ ಹೋಗುತ್ತಾರೆ. ಗೆಳತಿಯರು ‘ಧೈರ್ಯವಾಗಿರು’ ಅಂತಾರೆ. ಕೋಚ್ ಎಲ್ಲರೆದುರಿಗೇ ‘ಕಾಲಲ್ಲಿ ಶಕ್ತಿಯಿದೆ, ಮನಸ್ಸೇ ಗಟ್ಟಿಯಿಲ್ಲ’ ಅಂದುಬಿಟ್ಟರು. ಆತ್ಮವಿಶ್ವಾಸ ಎಲ್ಲಿಂದ ತರೋದು, 1500 ಬಿಟ್ಟು 800ಕ್ಕೆ ಹೋಗಿಬಿಡಲಾ ಅಂತ ಕೇಳಿದ್ದೀಯ.

ಕೋಚ್ ಹೇಳಿದ ಆ ಮಾತನ್ನು ನಾನು ಒಪ್ಪುವುದಿಲ್ಲ. ನಿನಗೆ ಸಮಾಧಾನ ಆಗಲಿ ಅಂತ ಹೀಗೆ ಹೇಳುತ್ತಿಲ್ಲ. ಕಾರಣ ನಿನ್ನ ಪತ್ರದಲ್ಲೇ ಇದೆ. ಗೆಳತಿ ಸ್ಟಾಪ್‌ವಾಚ್ ಹಿಡಿದು ಬರೆದುಕೊಟ್ಟ ಅಂಕಿಗಳನ್ನು ಕಳಿಸಿದ್ದೀಯಲ್ಲ, ಅದು ಬಹಳ ಒಳ್ಳೆಯದಾಯಿತು. ಮೊದಲ 300 ಮೀಟರ್ 60 ಸೆಕೆಂಡ್. ಮುಂದಿನ 400 ಮೀಟರಿನ ಸುತ್ತು 90. ಅದರ ಮುಂದಿನದು 106. ಗಂಟೆ ಹೊಡೆದ ಮೇಲಿನ ಕೊನೆಯ ಸುತ್ತು 102.

ಈಗ 5:50ರ ಓಟವನ್ನು ಸಮವಾಗಿ ಹಂಚಿ ನೋಡು. ಮೊದಲ 300ಕ್ಕೆ 70 ಸೆಕೆಂಡ್, ಆಮೇಲೆ ಪ್ರತಿ ಸುತ್ತಿಗೂ 93ರ ಆಸುಪಾಸು. ಅಂದರೆ ನೀನು ಮೊದಲ 300 ಮೀಟರಿನಲ್ಲೇ 10 ಸೆಕೆಂಡ್ ಜಾಸ್ತಿ ವೇಗದಲ್ಲಿ ಓಡಿದ್ದೀಯ. ಮುಂದೆ ಓಡುವವರ ಜೊತೆ ಸೇರಿಕೊಂಡು ಹೋಗಿರಬೇಕು, ಅಲ್ವಾ? ಆರಂಭದಲ್ಲಿ ಮೈ ಹಗುರ, ಉಸಿರು ಸಲೀಸು, ಆ ವೇಗ ಏನೂ ಅನ್ನಿಸುವುದಿಲ್ಲ. ಅದು ಸಾಲ ತೆಗೆದ ಹಾಗೆ, 700 ಮೀಟರ್ ಹೊತ್ತಿಗೆ ಬಡ್ಡಿ ಸಮೇತ ವಸೂಲಿ ಶುರುವಾಗುತ್ತದೆ. ಆ ಹೊತ್ತಿನಲ್ಲಿ ‘ಇನ್ನು ಆಗಲ್ಲ’ ಅಂತ ನಿನ್ನ ತಲೆ ಹೇಳಿದ್ದು ಹೇಡಿತನವಲ್ಲ. ಈ ವೇಗದಲ್ಲಿ ಕೊನೆಯವರೆಗೆ ಹೋಗಲಾಗದು ಅಂತ ಮೈ ಕಳಿಸಿದ ಸುದ್ದಿ ಅದು. ಸುದ್ದಿ ನಿಜವೇ ಆಗಿತ್ತು.

ಹಾಗಾಗಿ ಮುಂದಿನ ಓಟಕ್ಕೆ ಧೈರ್ಯ ಬೇಕಾಗುವುದು ಮೊದಲ 300 ಮೀಟರಿನಲ್ಲಿ. ಬೇರೆಯವರು ಮುಂದೆ ಹೋಗುತ್ತಿರುವಾಗ ಹೋಗಲಿ ಅಂತ ಬಿಟ್ಟು, ನಿನ್ನ 70 ಸೆಕೆಂಡಿಗೆ ಅಂಟಿಕೊಳ್ಳುವುದು ಸುಲಭವಲ್ಲ. ಕೊನೆಯವಳಾಗಿ ಓಡಬೇಕಾಗಬಹುದು. ನೋಡುವವರು ಏನಂದುಕೊಂಡಾರು ಅನ್ನಿಸುತ್ತದೆ. ಅನ್ನಿಸಲಿ. 700 ಮೀಟರ್ ಆದ ಮೇಲೆ ನೀನು ಒಬ್ಬೊಬ್ಬರನ್ನೇ ದಾಟಲು ಶುರುಮಾಡಿದರೆ ತಲೆಯೊಳಗಿನ ಮಾತೂ ಬೇರೆಯಾಗುತ್ತದೆ.

ಹಾಗಾದರೆ ಇದೆಲ್ಲ ಬರೀ ವೇಗದ ಲೆಕ್ಕವೇ, ಮನಸ್ಸಿನ ಪಾಲು ಏನೂ ಇಲ್ಲವೇ ಅಂತ ಕೇಳಬಹುದು. ಇದೆ. ಕೊನೆಯ ನೂರು ಮೀಟರಿನಲ್ಲಿ ಇಬ್ಬರನ್ನು ಹಿಂದೆ ಹಾಕಿದೆ ಅಂತ ನೀನೇ ಬರೆದಿದ್ದೀಯ, ಅದೂ ಏನೂ ಅಲ್ಲ ಅನ್ನುವ ಹಾಗೆ ಒಂದು ಸಾಲಿನಲ್ಲಿ. ನನಗೆ ಇಡೀ ಪತ್ರದಲ್ಲಿ ಮುಖ್ಯ ಅನ್ನಿಸಿದ್ದು ಆ ಸಾಲೇ. ನಿಜವಾಗಿ ಎಲ್ಲ ಬರಿದಾಗಿದ್ದರೆ ಆ ವೇಗ ಎಲ್ಲಿಂದ ಬಂತು? ದೊಡ್ಡ ಓಟಗಾರರಲ್ಲೂ ಇದೇ ಕಾಣುತ್ತದೆ. 5000 ಮತ್ತು 10,000 ಮೀಟರಿನ ವಿಶ್ವದಾಖಲೆಯ ಓಟಗಳನ್ನು ಕಿಲೋಮೀಟರ್ ಲೆಕ್ಕದಲ್ಲಿ ಬಿಡಿಸಿ ನೋಡಿದರೆ, ಹೆಚ್ಚಿನವುಗಳಲ್ಲಿ ನಡುವಿನ ಕಿಲೋಮೀಟರುಗಳು ನಿಧಾನ, ಕೊನೆಯದು ವೇಗ. ಇನ್ನೆಷ್ಟು ದೂರ ಉಳಿದಿದೆ ಅಂತ ಲೆಕ್ಕ ಹಾಕಿ ಮಿದುಳು ಒಂದಿಷ್ಟು ಶಕ್ತಿಯನ್ನು ಹಿಡಿದಿಟ್ಟುಕೊಂಡಿರುತ್ತದೆ ಅನ್ನುವುದು ಕೆಲವು ಸಂಶೋಧಕರ ವಿವರಣೆ. ಗುರಿ ಕಂಡಾಗ ಕೈ ಸಡಿಲ ಬಿಡುತ್ತದಂತೆ. ಅದಕ್ಕೇ ‘ಆಗಲ್ಲ’ ಅನ್ನುವ ಮಾತನ್ನು ಕೇಳಿಸಿಕೊಳ್ಳಬೇಕು, ಆದರೆ ಅದೇ ಕೊನೆಯ ತೀರ್ಪು ಅಂದುಕೊಳ್ಳಬಾರದು.

ಗೆಳತಿಯರ ‘ಧೈರ್ಯವಾಗಿರು’ ಯಾಕೆ ನಾಟುವುದಿಲ್ಲ ಅಂತ ಬೇಸರ ಮಾಡಿಕೊಂಡಿದ್ದೀಯ. ತಪ್ಪು ನಿನ್ನದಲ್ಲ, ಅವರದೂ ಅಲ್ಲ. ‘ನನ್ನ ಕೈಲಿ ಆಗುತ್ತದೆ’ ಅನ್ನುವ ನಂಬಿಕೆ ಎಲ್ಲಿಂದ ಬರುತ್ತದೆ ಅಂತ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ನಾಲ್ಕು ಮೂಲಗಳನ್ನು ಹೇಳಿದರು. ಎಲ್ಲಕ್ಕಿಂತ ಗಟ್ಟಿಯಾದದ್ದು ನಾವೇ ಮಾಡಿ ಮುಗಿಸಿದ ಕೆಲಸ. ಬೇರೆಯವರ ಹುರಿದುಂಬಿಸುವ ಮಾತು ಅದಕ್ಕಿಂತ ಬಹಳ ಸಡಿಲ. ನಾವೆಲ್ಲ ತಲೆಕೆಳಗಾಗಿ ಯೋಚಿಸುತ್ತೇವೆ: ಮೊದಲು ಧೈರ್ಯ ಬರಲಿ, ಆಮೇಲೆ ಚೆನ್ನಾಗಿ ಓಡೋಣ ಅಂತ. ಮೊದಲು ಓಟ, ಆ ಓಟದಿಂದ ಧೈರ್ಯ.

ಅದಕ್ಕೆ ನಿನಗೆ ಕಷ್ಟವಾಗುವ ಆ ಒಂದು ಸುತ್ತನ್ನೇ ಅಭ್ಯಾಸದಲ್ಲಿ ಓಡಬೇಕು. ಉದಾಹರಣೆಗೆ 400 ಮೀಟರಿನ ಐದು ಓಟ, ಒಂದೊಂದೂ 93 ಸೆಕೆಂಡಿಗೆ, ನಡುವೆ ಎರಡು ಮೂರು ನಿಮಿಷ ಬಿಡುವು. ಮೊದಲೆರಡು ಸಲೀಸು. ನಾಲ್ಕನೆಯದರ ಎರಡನೇ ತಿರುವಿನಲ್ಲಿ ತೊಡೆ ಬಿಗಿಯುತ್ತದೆ, ಭುಜ ಕಿವಿಯ ಕಡೆ ಏರುತ್ತದೆ, ಆ ಹಳೇ ಮಾತು ಬಂದೇ ಬರುತ್ತದೆ. ಬರಲಿ ಅಂತಲೇ ಈ ಅಭ್ಯಾಸ. ಆಗ ಏನು ಮಾಡಬೇಕು ಅನ್ನೋದು ಮೊದಲೇ ಗೊತ್ತಿರಬೇಕು: ಭುಜ ಇಳಿಸು, ಮುಷ್ಟಿ ಸಡಿಲ ಮಾಡು, ಕೈ ಬೀಸು, ‘ಈ ತಿರುವು ಮುಗಿಸೋಣ’ ಅಂತ ಹೇಳಿಕೋ. ಇಡೀ ಓಟವನ್ನು ನೆನೆಯಬೇಡ, ಬರೀ ಆ ತಿರುವು. ಎಷ್ಟು ಓಟ, ಎಷ್ಟು ಬಿಡುವು ಅನ್ನೋದನ್ನು ಕೋಚ್ ಜೊತೆ ಮಾತಾಡಿ ಗೊತ್ತುಮಾಡಿಕೋ. ಅವರು ಆಡಿದ ಮಾತು ನೋಯಿಸಿದೆ ನಿಜ, ಆದರೂ ದಿನಾ ನಿನ್ನ ಓಟ ನೋಡುವವರು ಅವರೇ. ‘ಮೊದಲ 300 ಜೋರಾಯಿತು ಅನ್ನಿಸುತ್ತೆ ಸರ್’ ಅಂತ ಅಂಕಿಗಳನ್ನು ಮುಂದಿಟ್ಟು ಕೇಳಿ ನೋಡು.

ಮನಸ್ಸಿನಲ್ಲಿ ಮಾತಾಡಿಕೊಂಡರೆ ಏನಾಗುತ್ತೆ ಅಂತ ಸುಮ್ನೆ ತಳ್ಳಿಹಾಕಬೇಡ. 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸುಸ್ತಾಗಿ ನಿಲ್ಲುವವರೆಗೆ ಸೈಕಲ್ ತುಳಿಸಿದರು. ತಮ್ಮದೇ ಮಾತುಗಳನ್ನು ಆರಿಸಿಕೊಂಡು ಎರಡು ವಾರ ರೂಢಿ ಮಾಡಿಕೊಂಡವರು ಮೊದಲಿಗಿಂತ ಸುಮಾರು ಶೇ 18ರಷ್ಟು ಹೆಚ್ಚು ಹೊತ್ತು ತುಳಿದರು. ಇಲ್ಲಿ ಗಮನಿಸಬೇಕಾದ್ದು ಆ ರೂಢಿ. ಓಟದ ದಿನವೇ ಹೊಸದಾಗಿ ಹುಡುಕಿದ ಮಾತು ಬೇಕಾದ ಹೊತ್ತಿಗೆ ಬಾಯಿಗೆ ಬರುವುದಿಲ್ಲ.

ಒಂದು ನೋಟ್‌ಬುಕ್ ಇಟ್ಟುಕೋ. ಅಂದು ಏನು ಓಡಿದೆ, ಎಷ್ಟು ಸೆಕೆಂಡ್, ಎಲ್ಲಿ ಕಷ್ಟವಾಯಿತು, ಆಗ ಏನು ಮಾಡಿದೆ, ಅಷ್ಟು ಸಾಕು. ಎಲಿಯುಡ್ ಕಿಪ್ಚೋಗೆ ತಮ್ಮ ಅಭ್ಯಾಸವನ್ನು ಕೈಯಾರೆ ಬರೆದಿಡುತ್ತಾರೆ. ಅವರು 2012ರಲ್ಲಿ ಕೆನ್ಯಾದ ಒಲಿಂಪಿಕ್ ತಂಡಕ್ಕೇ ಆಯ್ಕೆಯಾಗಲಿಲ್ಲ. ಮರುವರ್ಷ ಮ್ಯಾರಥಾನಿಗೆ ಬಂದರು. 2016ರ ರಿಯೊ ಮತ್ತು 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್ ಎರಡರಲ್ಲೂ ಚಿನ್ನ ಗೆದ್ದರು. ಓಟದ ಹಿಂದಿನ ರಾತ್ರಿ ಭಯ ಹತ್ತಿದಾಗ ನಿನ್ನ ಪುಟಗಳನ್ನು ತಿರುವಿ ಹಾಕು. ನಿನ್ನದೇ ಕೈಬರಹದಲ್ಲಿ 93, 93, 94 ಅಂತ ಇದ್ದರೆ ಅದನ್ನು ಯಾರೂ ಅಲ್ಲಗಳೆಯಲಾಗದು.

ಓಟಕ್ಕೆ ಮುಂಚೆ ಹೊಟ್ಟೆ ತೊಳಸುತ್ತದೆ, ಎದೆ ಡವಡವ ಅನ್ನುತ್ತದೆ ಅಂದಿದ್ದೀಯ. ಅದು ಅಡ್ರಿನಲಿನ್ ಕೆಲಸ. ಮೈ ಓಟಕ್ಕೆ ಸಜ್ಜಾಗುತ್ತಿದೆ, ಅಷ್ಟೇ. ಪದಕ ಗೆದ್ದವರಿಗೂ ಹಾಗೇ ಆಗುತ್ತದೆ. ಅದನ್ನು ಅಡಗಿಸಲು ಹೋಗಬೇಡ, ವಾರ್ಮ್‌ಅಪ್ ಶುರುಮಾಡು.

ಇನ್ನೊಂದು ವಿಷಯ ಹೇಳದೆ ಬಿಡಲಾರೆ. ಹುಡುಗಿಯರ ವಿಷಯದಲ್ಲಿ ಮನಸ್ಸಿನ ದೌರ್ಬಲ್ಯ ಅಂತ ಬೈಸಿಕೊಳ್ಳುವುದು ಎಷ್ಟೋ ಸಲ ಕಬ್ಬಿಣಾಂಶದ ಕೊರತೆಯಾಗಿರುತ್ತದೆ. ಮುಟ್ಟಿನ ರಕ್ತಸ್ರಾವ, ಬೆಳೆಯುವ ವಯಸ್ಸು, ಮೇಲೆ ದಿನಾ ಓಟ. ಅಭ್ಯಾಸದಲ್ಲೂ ವಾರಗಟ್ಟಲೆ ಸುಸ್ತು, ಹತ್ತಿದ ದಮ್ಮು ಇಳಿಯುವುದೇ ಇಲ್ಲ ಅನ್ನಿಸಿದರೆ ವೈದ್ಯರ ಹತ್ತಿರ ಹೋಗಿ ಹಿಮೋಗ್ಲೋಬಿನ್ ಜೊತೆ, ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶ ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಕೂಡ ಪರೀಕ್ಷೆ ಮಾಡಿಸು. ಮಾತ್ರೆಯನ್ನು ನೀನಾಗಿಯೇ ನುಂಗಬೇಡ. ಮೂರು ತಿಂಗಳು ಮುಟ್ಟು ನಿಂತರೆ ಖಂಡಿತ ಮನೆಯಲ್ಲಿ ಹೇಳು, ತೋರಿಸಿಕೋ. ಹಗುರಾದರೆ ವೇಗ ಬರುತ್ತೆ ಅಂತ ಊಟ ಬಿಡುವವರ ಮಾತು ಕೇಳಲೇಬೇಡ. ನಿನ್ನ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ನೀನು ಪರೀಕ್ಷೆಗೆ ಓದುತ್ತಾ ಐದೇ ಗಂಟೆ ಮಲಗುತ್ತಿದ್ದೀಯ, ಅದು ಸಾಲದು.

800ರ ಪ್ರಶ್ನೆ ಉಳಿಯಿತು. ಈಗಲೇ ತೀರ್ಮಾನ ಬೇಡ. ಸೋತು ಓಡಿಹೋಗುವುದಕ್ಕೆ 800 ಒಳ್ಳೆಯ ಜಾಗವೂ ಅಲ್ಲ, ಅಲ್ಲಿ ಎರಡನೇ ಸುತ್ತು ಇನ್ನೂ ನಿರ್ದಯಿ. ಮುಂದಿನ ಎರಡು ಮೂರು ಸ್ಪರ್ಧೆಯಲ್ಲಿ ಮೊದಲ 300ನ್ನು 70 ಸೆಕೆಂಡಿಗೆ ಓಡು, ನಾಲ್ಕೂ ಅಂಕಿ ಬರೆದುಕೋ. ಆಮೇಲೂ 800 ಓಡುವಾಗಲೇ ನಿನಗೆ ಖುಷಿ ಜಾಸ್ತಿ ಅನ್ನಿಸಿದರೆ, ಆ ಖುಷಿಗಾಗಿ ಹೋಗು.

ಪ್ರೀತಿಯಿಂದ,
ಸಂಪಾದಕರು