ಜೇಬಿನ ಪೊಟ್ಟಣ, ತೊಗರಿ ಸಾಲಿನ ಗಿಡ

ಸ್ವಲ್ಪ ಗಾಂಜಾ ಇಟ್ಟುಕೊಂಡವರನ್ನು ಜೈಲಿಗೆ ಕಳುಹಿಸಬಾರದು ಎಂಬ ಚರ್ಚೆಯ ಬಗ್ಗೆ ಬೀದರ್ ಸೀಮೆಯವರಾದ ನಮಗೆ ಏನನ್ನಿಸುತ್ತದೆ ಎಂದು ಕೇಳಿದ್ದೀರಿ. ನಮ್ಮ ಕಡೆ ಗಾಂಜಾ ಎರಡು ರೀತಿಯಲ್ಲಿ ಕಾಣಸಿಗುತ್ತದೆ. ಆಂಧ್ರ ಮತ್ತು ಒಡಿಶಾ ಗಡಿಯ ಗುಡ್ಡಗಾಡಿನಲ್ಲಿ ಬೆಳೆದ ಮಾಲು ಹೈದರಾಬಾದ್, ಜಹೀರಾಬಾದ್, ಹುಮನಾಬಾದ್ ದಾಟಿ ಸೊಲ್ಲಾಪುರದತ್ತ ಸಾಗುವ ದಾರಿಗಳಲ್ಲಿ ನಮ್ಮ 65ನೇ ಹೆದ್ದಾರಿಯೂ ಒಂದು. ಅದಲ್ಲದೆ, ತೊಗರಿ, ಹತ್ತಿ, ಕಬ್ಬಿನ ಮರೆಯಲ್ಲಿ ಕೆಲವರು ನೆಟ್ಟುಕೊಳ್ಳುವ ಗಿಡಗಳಿವೆ. ದೆಹಲಿಯ ಚರ್ಚೆ ಮುಖ್ಯವಾಗಿ ಜೇಬಿನ ಪೊಟ್ಟಣದ ಸುತ್ತಲೇ ಸುತ್ತುತ್ತದೆ ಎಂಬುದೇ ನನ್ನ ತಕರಾರು.

ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂಬಿಟ್ಟ ಅಥವಾ ಕಾಯಿಬಿಟ್ಟ ತುದಿ ಮಾತ್ರ; ತುದಿಯ ಜೊತೆಗಿಲ್ಲದ ಎಲೆ ಮತ್ತು ಬೀಜ ಅದರ ವ್ಯಾಪ್ತಿಗೆ ಬರುವುದಿಲ್ಲ. ಹೀಗಾಗಿ ಎಲೆಯಿಂದ ಮಾಡುವ ಭಂಗಿ ರಾಜ್ಯಗಳ ಕಾನೂನಿಗೆ ಬಿಟ್ಟ ವಿಷಯವಾಗಿದೆ. ಗಡಿ ದಾಟಿ ಮಹಾರಾಷ್ಟ್ರಕ್ಕೆ ಹೋದರೆ ಅಲ್ಲಿ 1949ರ ಪಾನನಿಷೇಧ ಕಾಯ್ದೆಯ ಕಟ್ಟಳೆಗಳು ಎದುರಾಗುತ್ತವೆ. ಒಂದೇ ಗಿಡದ ತುದಿಗೆ ದೇಶವಿಡೀ ಒಂದು ಕಾನೂನು, ಎಲೆಗೆ ಮೈಲಿಗೊಂದು ಕಾನೂನು ಎಂದು ನಮ್ಮವರು ನಗುವುದುಂಟು. ಸಾಧುಗಳ ಚಿಲುಮೆಯನ್ನು ಜಾತ್ರೆಗಳಲ್ಲಿ ನೋಡುತ್ತ ಬೆಳೆದ ಹಿರಿಯರಿಗಂತೂ ಈ ವಿಂಗಡಣೆಯೇ ಅರ್ಥವಾಗುವುದಿಲ್ಲ.

ಕಾಯ್ದೆಯ 20ನೇ ಕಲಮಿನಡಿ ಗಾಂಜಾ ಇಟ್ಟುಕೊಂಡವರಿಗೆ ಶಿಕ್ಷೆ ತೂಕದ ಮೇಲೆ ನಿಲ್ಲುತ್ತದೆ. 1 ಕಿಲೋವರೆಗೆ ಗರಿಷ್ಠ 1 ವರ್ಷದ ಸೆರೆ ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. 20 ಕಿಲೋ ಎಂಬ ವಾಣಿಜ್ಯ ಪ್ರಮಾಣದ ಗೆರೆ ದಾಟಿದರೆ ಕನಿಷ್ಠವೇ 10 ವರ್ಷ. ಈ ಮೊದಲ ಮೆಟ್ಟಿಲಿನ ಜೈಲುಶಿಕ್ಷೆಯನ್ನು ತೆಗೆದು, ಬಳಸುವವರನ್ನು ಚಿಕಿತ್ಸೆಗೆ ಕಳುಹಿಸಬೇಕೆಂದು 2021ರಲ್ಲಿ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯವೇ ಸಲಹೆ ಕೊಟ್ಟಿತ್ತು. ಆದರೆ ಆ ವರ್ಷದ ಡಿಸೆಂಬರ್‌ನಲ್ಲಿ ಬಂದ ತಿದ್ದುಪಡಿ, ಅಕ್ರಮ ಸಾಗಾಟಕ್ಕೆ ಹಣ ಒದಗಿಸುವವರ ಕುರಿತ 27ಎ ಕಲಮಿನ ಹಳೆಯ ಕರಡು ದೋಷವೊಂದನ್ನು ಸರಿಪಡಿಸಿತೇ ಹೊರತು ಪೊಟ್ಟಣದ ಗೋಜಿಗೆ ಹೋಗಲಿಲ್ಲ. ಪಟಿಯಾಲದ ಸಂಸದ ಧರ್ಮವೀರ ಗಾಂಧಿಯವರು ಗಾಂಜಾದಂಥ ಸಹಜ ಮಾದಕಗಳ ನಿಯಂತ್ರಿತ ಬಳಕೆಗೆ ಅವಕಾಶ ಕೋರಿ ತಂದ ಖಾಸಗಿ ಮಸೂದೆಯೂ ಕಾಯ್ದೆಯಾಗಲಿಲ್ಲ. ಯುವಕರನ್ನು ಹಾಳುಮಾಡಿದ ಪಕ್ಷ ಎಂಬ ಹಣೆಪಟ್ಟಿಯನ್ನು ಯಾರೂ ಹೊರಲಾರರು ಎಂದೇ ನಾನು ತಿಳಿದಿದ್ದೇನೆ.

ನನ್ನ ಮಟ್ಟಿಗೆ ಆ ಸಲಹೆ ಸರಿಯಾದದ್ದೇ. ಚಟಕ್ಕೆ ಬಿದ್ದ ಹುಡುಗನಿಗೆ ಜೈಲಿನಿಂದ ಒಳಿತಾಗುವುದಿಲ್ಲ. ಸ್ವಇಚ್ಛೆಯಿಂದ ಚಿಕಿತ್ಸೆಗೆ ಬಂದ ವ್ಯಸನಿಗೆ ವಿನಾಯಿತಿ ನೀಡುವ 64ಎ ಕಲಮು ಕಾಯ್ದೆಯಲ್ಲಿ ಈಗಾಗಲೇ ಇದೆ. ಎಳೆಯ ವಯಸ್ಸಿನವರ ಮನಸ್ಸಿನ ಮೇಲೆ ಗಾಂಜಾ ಮಾಡುವ ಹಾನಿಯನ್ನು ಇದರಿಂದ ಅಲ್ಲಗಳೆದಂತಾಗುವುದಿಲ್ಲ.

ಆದರೆ ಹೊಲದ ಪ್ರಶ್ನೆ ಬೇರೆಯೇ ಇದೆ. ಗಿಡ ಬೆಳೆಸುವುದಕ್ಕೆ ಅದೇ 20ನೇ ಕಲಮಿನ ಮೊದಲ ಭಾಗದಲ್ಲಿ 10 ವರ್ಷದವರೆಗಿನ ಸೆರೆ ಮತ್ತು 1 ಲಕ್ಷ ರೂಪಾಯಿವರೆಗಿನ ದಂಡವಿದೆ, ಮತ್ತು ಅಲ್ಲಿ ತೂಕದ ಮೆಟ್ಟಿಲುಗಳಿಲ್ಲ. ತೊಗರಿ ಸಾಲಿನಲ್ಲಿ ನಾಲ್ಕು ಗಿಡ ನೆಟ್ಟವನೂ ನಾಲ್ಕು ಎಕರೆಗೆ ನೆಟ್ಟವನೂ ಒಂದೇ ಕಲಮಿನಡಿ ಬರುತ್ತಾರೆ. ಶಿಕ್ಷೆಯನ್ನು ಇಳಿಸುವುದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಕಿತ್ತ ಹಸಿ ಗಿಡವನ್ನೇ ಇಟ್ಟುಕೊಂಡ ಗಾಂಜಾ ಎಂದು ಲೆಕ್ಕ ಹಿಡಿದು ಬೇರು, ಕಾಂಡ, ಎಲೆ ಸಮೇತ ತೂಗಿದರೆ ಅದರಲ್ಲಿ ಕಾಯ್ದೆ ಹೇಳುವ ತುದಿ ಎಷ್ಟು ಎಂಬ ವಾದವನ್ನು ನ್ಯಾಯಾಲಯದಲ್ಲಿ ಎತ್ತಲು ಒಳ್ಳೆಯ ವಕೀಲರು ಬೇಕು, ಮತ್ತು ಹೊಲವನ್ನು ಲಾವಣಿಗೆ (ಗುತ್ತಿಗೆಗೆ) ಹಿಡಿದವನ ಕೈಯಲ್ಲಿ ಅಷ್ಟು ಹಣ ಇರುವುದಿಲ್ಲ. ಔಷಧ ಮತ್ತು ಕೈಗಾರಿಕೆಗಾಗಿ ನಿಯಂತ್ರಿತ ಬೇಸಾಯಕ್ಕೆ ಹಿಮಾಚಲ ಪ್ರದೇಶದ ವಿಧಾನಸಭೆ 2024ರಲ್ಲಿ ನಿರ್ಣಯ ಅಂಗೀಕರಿಸಿತು. ಅದನ್ನು ಕೇಳಿದ ನಮ್ಮ ರೈತರು, ಆ ಬೆಳೆ ನಮ್ಮ ಮಣ್ಣಿಗೂ ಬಂದೀತೇ ಎಂದು ವಿಚಾರಿಸುತ್ತಾರೆ.

ಹೆದ್ದಾರಿಯ ತಪಾಸಣೆಗೆ ಬಂದರೆ, ಪೊಟ್ಟಣದ ಮೇಲಿನ ಜೈಲುಶಿಕ್ಷೆ ನಾಳೆಯೇ ಹೋದರೂ ಅಲ್ಲಿ ಏನೂ ಬದಲಾಗದು. ಲಾರಿಯ ಗುಪ್ತ ಅರೆಗಳಲ್ಲಿ ಸಿಗುವ ಮಾಲನ್ನು ತೂಗುವುದು ಕ್ವಿಂಟಲ್ ಲೆಕ್ಕದಲ್ಲಿ.