ಕಿಡ್ನಿ ತೊಂದರೆ ಇರುವವರಿಗೆ ಪ್ಯಾಕೆಟ್ ಎನರ್ಜಿ ಬಾರ್ ಕೊಡಬಹುದಾ?

ಚಿಂತಾಮಣಿಯಿಂದ ಕೇಳಿದ್ದೀರಿ. ನಿಮ್ಮ ತಂದೆಯವರ ತೂಕ 60 ಕೆಜಿ, ಕಿಡ್ನಿ ಕಾಯಿಲೆ ಮೂರನೇ ಹಂತದಲ್ಲಿದೆ, ಡಯಾಲಿಸಿಸ್ ಇಲ್ಲ, ರಕ್ತದಲ್ಲಿ ಪೊಟ್ಯಾಸಿಯಂ 5.6 ಬಂದಿದೆ, ಅಂದರೆ ಇರಬೇಕಾದ್ದಕ್ಕಿಂತ ಜಾಸ್ತಿ. ನಿಮ್ಮ ತಮ್ಮ ತಂದ ಖರ್ಜೂರದ ಬಾರ್ ಮೇಲೆ ‘ಸಕ್ಕರೆ ಸೇರಿಸಿಲ್ಲ, ಪ್ರೋಟೀನ್ 20 ಗ್ರಾಂ’ ಅಂತಿದೆ, ಕೊಡಬಹುದಾ ಅಂತ.

ಸದ್ಯಕ್ಕೆ ಕೊಡಬೇಡಿ.

ಕೋಲಾರದಲ್ಲಿ ನಮ್ಮದು ಪ್ರಾವಿಷನ್ ಸ್ಟೋರ್. ನಮ್ಮ ಅಮ್ಮನಿಗೂ ಇದೇ ಕಾಯಿಲೆ. ಹಾಗಾಗಿ ಅಂಗಡಿಗೆ ಯಾವ ಹೊಸ ಪ್ಯಾಕೆಟ್ ಬಂದರೂ ಮೊದಲು ಅದರ ಹಿಂಭಾಗ ಓದುತ್ತೇನೆ. ಮುಂಭಾಗದಲ್ಲಿರೋದು ಮಾರೋಕೆ ಬರೆದಿದ್ದು, ಅದನ್ನು ಬಿಟ್ಟುಬಿಡಿ.

ಹಿಂದೆ ಒಂದು ಪಟ್ಟಿ ಇರುತ್ತಲ್ವಾ, ಅದರಲ್ಲಿ ಸೋಡಿಯಂ ಸಿಗುತ್ತದೆ. ದಿನಕ್ಕೆ 2000 ಮಿಲಿಗ್ರಾಂ ಒಳಗಿರಬೇಕು ಅನ್ನೋ ಲೆಕ್ಕದಲ್ಲಿ ಸಿಹಿ ಬಾರ್‌ಗಳು ಸಾಮಾನ್ಯವಾಗಿ ಪಾಸಾಗುತ್ತವೆ. ಆದರೆ ಪೊಟ್ಯಾಸಿಯಂ, ಫಾಸ್ಫರಸ್ ಎಷ್ಟಿದೆ ಅಂತ ನಮ್ಮಲ್ಲಿ ಬರೆಯಲೇಬೇಕು ಅಂತಿಲ್ಲ. ಪಟ್ಟಿಯಲ್ಲಿ ಕಾಣಲಿಲ್ಲ ಅಂದರೆ ಅದು ಇಲ್ಲ ಅಂತಲ್ಲ. ನಿಮ್ಮ ತಂದೆಯವರ ವಿಷಯದಲ್ಲಿ ನೋಡಬೇಕಾಗಿರೋದೇ ಆ ಎರಡರ ಲೆಕ್ಕ.

ಅದಕ್ಕೆ ಪದಾರ್ಥಗಳ ಸಾಲು ಓದಬೇಕು. ಯಾವುದು ತೂಕದಲ್ಲಿ ಜಾಸ್ತಿಯೋ ಅದೇ ಮೊದಲು ಬರುತ್ತದೆ. ಈಗ ನನ್ನ ಕೈಯಲ್ಲಿರುವ ಒಂದು ಬಾರ್‌ನಲ್ಲಿ ಮೊದಲು ಖರ್ಜೂರ, ಆಮೇಲೆ ಬಾದಾಮಿ, ವೇ ಪ್ರೋಟೀನ್, ಕೋಕೋ, ಕೊನೆಗೆ ಸಣ್ಣ ಅಕ್ಷರದಲ್ಲಿ ಐಎನ್‌ಎಸ್ 341. ಐಎನ್‌ಎಸ್ ಅಂದರೆ ತಿಂಡಿಗೆ ಬೆರೆಸುವ ರಾಸಾಯನಿಕಗಳಿಗೆ ಕೊಟ್ಟಿರುವ ನಂಬರ್. ಸಕ್ಕರೆ ಸೇರಿಸಿಲ್ಲ ಅನ್ನೋದು ನಿಜ, ಸಿಹಿಯೆಲ್ಲ ಖರ್ಜೂರದ್ದು. ಆದರೆ 100 ಗ್ರಾಂ ಖರ್ಜೂರದಲ್ಲಿ ಪೊಟ್ಯಾಸಿಯಂ ಹತ್ತಿರ ಹತ್ತಿರ 700 ಮಿಲಿಗ್ರಾಂ. ಬಾದಾಮಿ, ಕಡ್ಲೆಬೀಜದ್ದೂ ಅದೇ ಕಥೆ.

ಆ 341 ಅಂದರೆ ಕ್ಯಾಲ್ಸಿಯಂ ಫಾಸ್ಫೇಟ್. 338ರಿಂದ 341, 450ರಿಂದ 452, ಈ ನಂಬರ್ ಯಾವುದು ಕಂಡರೂ ಪ್ಯಾಕೆಟ್ ಕೆಳಗಿಡಿ. ಕಾಳು, ಬೀಜಗಳಲ್ಲಿ ತಾನಾಗೇ ಇರುವ ಫಾಸ್ಫರಸ್ ಅರ್ಧದಷ್ಟೂ ಮೈಗೆ ಹತ್ತೋದು ಕಷ್ಟ. ಹೀಗೆ ಬೆರೆಸಿದ್ದು ಹೆಚ್ಚುಕಮ್ಮಿ ಪೂರ್ತಿ ರಕ್ತಕ್ಕೆ ಸೇರುತ್ತದೆ. ‘ಕಡಿಮೆ ಸೋಡಿಯಂ’ ಅಂತ ಬರೆದ ಖಾರದ ತಿಂಡಿಗಳಲ್ಲಿ 508 ಇದೆಯಾ ನೋಡಿ, ಅದು ಪೊಟ್ಯಾಸಿಯಂ ಕ್ಲೋರೈಡ್. ನಿಮ್ಮ ತಂದೆಯವರಿಗೆ ಅದು ಉಪ್ಪಿಗಿಂತ ಅಪಾಯ.

ಇನ್ನು ಪ್ರೋಟೀನ್. ಡಯಾಲಿಸಿಸ್ ಇಲ್ಲದವರಿಗೆ ಸಾಮಾನ್ಯವಾಗಿ ತೂಕದ ಪ್ರತಿ ಕೆಜಿಗೆ ದಿನಕ್ಕೆ 0.8 ಗ್ರಾಂ ಹೇಳುತ್ತಾರೆ. 60 ಕೆಜಿಗೆ 48 ಗ್ರಾಂ ಆಯಿತು. ಒಂದು ಬಾರ್‌ಗೇ 20 ಹೋದರೆ ಬೇಳೆ, ಮೊಸರು, ಮುದ್ದೆ ಎಲ್ಲ ಮಿಕ್ಕ 28ರಲ್ಲೇ ಮುಗಿಯಬೇಕು. ಡಯಾಲಿಸಿಸ್‌ನಲ್ಲಿ ಇರುವವರಿಗೆ ಪ್ರೋಟೀನ್ ಜಾಸ್ತಿ ಬೇಕಾಗುತ್ತದೆ. ಹಾಗಾಗಿ ಪಕ್ಕದ ಮನೆಯವರು ತಿನ್ನುತ್ತಾರೆ ಅಂತ ಇವರಿಗೆ ಕೊಡೋಕೆ ಆಗಲ್ಲ.

ಚಿಕ್ಕಿ ಕೊಡಲಾ ಅಂತಲೂ ಕೇಳಿದ್ದೀರಿ. ಕಡ್ಲೆಬೀಜ, ಬೆಲ್ಲ ಎರಡರಲ್ಲೂ ಪೊಟ್ಯಾಸಿಯಂ ಇದೆ, ಬೇಡ. ಸಂಜೆ ಬಾಯಾಡಿಸೋಕೆ ಅಮ್ಮನಿಗೆ ನಾನು ಉಪ್ಪಿಲ್ಲದ ಪುರಿಗೆ (ಮಂಡಕ್ಕಿಗೆ) ಸಾಸಿವೆ, ಕರಿಬೇವು, ಚಿಟಿಕೆ ಅರಿಶಿನದ ಒಗ್ಗರಣೆ ಹಾಕಿ ಕೊಡುತ್ತೇನೆ. ಹುರಿಗಡಲೆ, ಕಡ್ಲೆಬೀಜ, ಕೊಬ್ಬರಿ ಹಾಕಲ್ಲ. ಮೊದಮೊದಲು ಸಪ್ಪೆ ಅಂತ ಮುಖ ಮಾಡುತ್ತಿದ್ದರು, ಈಗ ಅವರೇ ಕೇಳಿ ಹಾಕಿಸಿಕೊಳ್ಳುತ್ತಾರೆ.

ಆ ಬಾರ್‌ನ ಹಿಂಭಾಗದ ಫೋಟೋ ತೆಗೆದಿಟ್ಟುಕೊಂಡು, ರಿಪೋರ್ಟ್ ಜೊತೆ ಡಯಟಿಷಿಯನ್‌ಗೆ ತೋರಿಸಿ. 5.6 ಬಂದಿರೋದನ್ನು ಡಾಕ್ಟರ್‌ಗೆ ಇನ್ನೂ ಹೇಳಿಲ್ಲ ಅಂದರೆ ಇವತ್ತೇ ಫೋನ್ ಮಾಡಿ. ಕೈಕಾಲಲ್ಲಿ ಶಕ್ತಿಯೇ ಇಲ್ಲ ಅಂದರೆ, ಎದೆಬಡಿತ ಏರುಪೇರಾದರೆ ಬೆಳಗಾಗಲಿ ಅಂತ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.